ಮೆಂತ್ಯ ಕೂರುವುದನ್ನು ಕಲಿತದ್ದು

ನಮ್ಮೂರಿನಲ್ಲಿ ನಾಯಿಗೆ ಯಾವ ಮಾತು ಕಲಿಸುತ್ತೀರೋ ಆ ಮಾತು ಕಲಿಸಿದವರಿಗೂ ಅಂಟುತ್ತದೆ. ಕೂರು ಎಂದು ಕಲಿಸಿದವನು, ಆಮೇಲೆ ಯಾರು ಕೂರು ಎಂದರೂ ಕೂತುಬಿಡುತ್ತಾನೆ. ಹೇಳಿದ್ದು ಯಾರಿಗೆ, ಯಾವ ನಾಯಿಗೆ ಎಂಬುದೆಲ್ಲ ಲೆಕ್ಕಕ್ಕಿಲ್ಲ, ಕಿವಿಗೆ ಬಿದ್ದರೆ ಮುಗಿಯಿತು. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ಅಲ್ಲಿ ಜನ ಯಾವ ನಾಯಿಗೂ ಏನೂ ಕಲಿಸದೆಯೇ ಕೂರುತ್ತಾರೆ ಎಂದು ಲಾರಿಯವರು ಹೇಳುವುದನ್ನು ಕೇಳಿದ್ದೇನೆ.

ಅದಕ್ಕೇ ನಮ್ಮೂರಿನ ದೊಡ್ಡ ಮನೆಗಳವರು ತಮ್ಮ ನಾಯಿಗೆ ತಾವು ಕಲಿಸುವುದಿಲ್ಲ. ನಾಯಿ ಅವರದು, ಹೆಸರು ಅವರದು, ಕಲಿಸುವುದು ನಮ್ಮಪ್ಪನಂಥವರು. ನಮ್ಮಪ್ಪ ಚೌಡಪ್ಪ ನಲವತ್ತೊಂದು ನಾಯಿಗಳಿಗೆ ಕಲಿಸಿದವನು. ಊರಲ್ಲಿ ಅವನಿಗೆ ನಾಯಿಮೇಷ್ಟ್ರು ಎಂದು ಹೆಸರು. ಕೇಳಲು ಮರ್ಯಾದೆಯಾಗಿಯೇ ಇದೆ. ಆದರೆ ಸಂತೆಯ ಬೀದಿಯಲ್ಲಿ ತಲೆಯ ಮೇಲೆ ಜೋಳದ ಚೀಲ ಹೊತ್ತು ಬರುವಾಗ, ಆಚೆ ಬದಿಯಲ್ಲಿ ಯಾವಳೋ ತಾಯಿ ಮಗುವಿಗೆ ‘ಕೂರು, ಉಣ್ಣು’ ಎಂದರೆ, ಮೇಷ್ಟ್ರು ಕೆಸರಿನಲ್ಲಿ ಕೂತಿರುತ್ತಾನೆ, ಚೀಲದ ಸಮೇತ.

ಕೂರಿಸಲು ಒಂದು ಮಾತು ಸಾಕು. ಬಿಡಿಸಲು ಮಾತು ಸಾಲದು, ತಲೆ ಮುಟ್ಟಬೇಕು. ನಾಯಿಗೆ ತಲೆ ಸವರಿ ಬಿಡುವುದೇ ಪದ್ಧತಿಯಾದ್ದರಿಂದ ಕಲಿಸಿದವನಿಗೂ ಅದೇ. ಯಾರ ಕೈಯಾದರೂ ಆದೀತು. ಆದರೆ ದಾರಿಯಲ್ಲಿ ಕೂತ ನಾಯಿಮೇಷ್ಟ್ರ ತಲೆ ಮುಟ್ಟುವವರು ಕಡಿಮೆ. ‘ವಯಸ್ಸಾದವರು, ತಲೆ ಮುಟ್ಟಬಾರದು’ ಎಂದು ಕೆಲವರು ಗೌರವ ತೋರಿಸಿ ಹೋಗುತ್ತಾರೆ. ಕೆಲವರಿಗೆ ಆಗತಾನೇ ಸ್ನಾನ ಆಗಿರುತ್ತದೆ. ಕೂರು ಎನ್ನುವುದಕ್ಕೆ ಮಾತ್ರ ಇಂಥ ಯಾವ ಅಡ್ಡಿಯೂ ಇಲ್ಲ.

ನಾನು ಏಳನೇ ಕ್ಲಾಸಿನಲ್ಲಿ ಶಾಲೆ ಬಿಟ್ಟೆ. ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ಗಣಿತ ಹತ್ತಲಿಲ್ಲ ಎನ್ನುತ್ತಿದ್ದೆ. ಅದು ಸುಳ್ಳು. ಗಣಿತ ನನಗೆ ಚೆನ್ನಾಗಿಯೇ ಬರುತ್ತಿತ್ತು. ಒಂದು ದಿನ ನಾನು ಬುತ್ತಿ ಮರೆತು ಹೋಗಿದ್ದೆ. ಅಪ್ಪ ಅದನ್ನು ತಂದು ಕ್ಲಾಸಿನ ಬಾಗಿಲಲ್ಲಿ ನಿಂತು ‘ಪಾಲಾಕ್ಷ’ ಎಂದು ಮೆಲ್ಲಗೆ ಕರೆದ. ಮುಂದಿನ ಬೆಂಚಿನಲ್ಲಿದ್ದ ಮಂಡಿ ಸಾಹುಕಾರರ ಮಗ ಪುಸ್ತಕದ ಮರೆಯಿಂದ ‘ಕೂರು’ ಎಂದ. ಅಪ್ಪ ಹೊಸ್ತಿಲ ಮೇಲೆ ಕೂತ. ಕ್ಲಾಸು ನಕ್ಕಿತು. ಮೇಷ್ಟ್ರು ಸೀಮೆಸುಣ್ಣ ಹಿಡಿದ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಬೋರ್ಡಿನ ಕಡೆ ತಿರುಗಿದರು, ಅವರ ಬೆನ್ನು ನಗುವುದು ಕಾಣಿಸುತ್ತಿತ್ತು. ಅಪ್ಪ ನನ್ನನ್ನು ನೋಡಿ, ‘ತಲೆ ಮುಟ್ಟು ಮಗಾ’ ಎಂದ. ಅಷ್ಟು ಜನರೆದುರು ಅಪ್ಪನ ತಲೆ ಸವರುವುದೇ? ನಾನು ಚೀಲ ಎತ್ತಿಕೊಂಡು ಅವನನ್ನು ದಾಟಿ ಹೊರಗೆ ಹೋದೆ. ಮತ್ತೆ ಒಳಗೆ ಹೋಗಲಿಲ್ಲ. ಸಂಜೆ ಬೀಗ ಹಾಕಲು ಬಂದ ಜವಾನ ತಲೆ ಮುಟ್ಟುವವರೆಗೆ ಅಪ್ಪ ಅಲ್ಲೇ ಕೂತಿದ್ದನಂತೆ. ಬುತ್ತಿಯನ್ನು ಹಾಗೇ ಮನೆಗೆ ತಂದು, ‘ಸಾರು ಹಳಸಿಲ್ಲ, ಉಣ್ಣು’ ಎಂದ. ಅಷ್ಟೇ.

ಆವತ್ತಿನಿಂದ ನನಗೆ ಹತ್ತಿದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕೆ ಸೇರಿದೆ. ಸಿಟ್ಟಿನವನಿಗೆ ಅದು ಒಳ್ಳೆಯ ಕೆಲಸ, ಯಂತ್ರ ನನಗಿಂತ ಜೋರಾಗಿ ಅರಚುತ್ತದೆ. ಅವ್ವ ತೀರಿಕೊಂಡ ಮೇಲೆ ಅಪ್ಪನೂ ದಿನವಿಡೀ ಬಂದು ಗಿರಣಿಯ ಮೂಲೆಯಲ್ಲಿ ನಿಲ್ಲತೊಡಗಿದ. ಹೌದು, ನಿಲ್ಲಲು ಬರುತ್ತಿದ್ದ. ಆ ಸದ್ದಿನಲ್ಲಿ ಯಾರ ಮಾತೂ ಅವನ ಕಿವಿಗೆ ಬೀಳುತ್ತಿರಲಿಲ್ಲ. ಹಿಟ್ಟು ಮೆತ್ತಿದ ರೆಪ್ಪೆ ಮುಚ್ಚಿಕೊಂಡು, ಗೋಡೆಗೆ ಕೂಡ ಒರಗದೆ, ನೆಟ್ಟಗೆ ನಿಂತಿರುತ್ತಿದ್ದ. ಕರೆಂಟು ಹೋದರೆ ಮಾತ್ರ ಗಾಬರಿಯಾಗಿ ಎರಡೂ ಕಿವಿಗೆ ಬೆರಳು ಇಟ್ಟುಕೊಳ್ಳುತ್ತಿದ್ದ.

ಮೆಂತ್ಯ ಆ ಗಿರಣಿಯಲ್ಲೇ ಸಿಕ್ಕಿದ ಹೆಣ್ಣು ನಾಯಿಮರಿ. ರಾಗಿ ಚೀಲಗಳ ಸಂದಿಯಲ್ಲಿ ಕುಂಯ್ಗುಡುತ್ತಿತ್ತು. ಮೆಂತ್ಯದ ಬಣ್ಣ, ಸ್ವಭಾವವೂ ಕಹಿ. ಮುಟ್ಟಲು ಹೋದ ನನ್ನ ಹೆಬ್ಬೆರಳನ್ನು ಕಚ್ಚಿ ಹಿಡಿದು ಬಿಡಲೇ ಇಲ್ಲ. ಆಗಲೇ ಇದು ನನ್ನದು ಎಂದುಕೊಂಡೆ. ಯಾರ ಮಾತೂ ಕೇಳದ ಜೀವ ಈ ಊರಿನಲ್ಲಿ ನಾನೊಬ್ಬನೇ ಎಂದುಕೊಂಡಿದ್ದೆ, ಇನ್ನೊಂದು ಸಿಕ್ಕಿತು.

ಹನ್ನೊಂದು ತಿಂಗಳಾದಾಗ ಪುರಸಭೆಯ ನೋಟೀಸು ಬಂತು. ವರ್ಷ ತುಂಬಿದ ನಾಯಿ ಮೂರು ವಿದ್ಯೆ ತೋರಿಸಬೇಕು: ಹೇಳಿದ ಕೂಡಲೇ ಕೂರುವುದು, ನೂರು ಎಣಿಸುವ ತನಕ ಕೂತೇ ಇರುವುದು, ಮತ್ತು ಎದುರಿಗೇ ಮಾಲೀಕನನ್ನು ಬೈದರೂ ಬೊಗಳದಿರುವುದು. ತೋರಿಸಿದರೆ ಕೊರಳಿಗೆ ಹಿತ್ತಾಳೆಯ ಬಿಲ್ಲೆ, ಅದು ಆಯುಷ್ಯಪೂರ್ತಿ ನಡೆಯುತ್ತದೆ. ಇಲ್ಲವಾದರೆ ಪುರಸಭೆಯ ಗಾಡಿ ಬಂದು ಒಯ್ಯುತ್ತದೆ. ಒಯ್ದ ನಾಯಿ ವಾಪಸು ಬಂದದ್ದನ್ನು ಯಾರೂ ನೋಡಿಲ್ಲ. ನೋಟೀಸಿನ ಹಿಂದೆ ಒಂದು ಫಾರಂ ಇತ್ತು. ಅದರಲ್ಲಿ ‘ಅನುಸರಿಸಿದ ವಿಧಾನ’ ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದರು.

ಈ ಖಾಲಿ ಜಾಗದ ಬಗ್ಗೆ ನಮ್ಮೂರಿನಲ್ಲಿ ಆದಷ್ಟು ಜಗಳ ಕುಡಿಯುವ ನೀರಿನ ಬಗ್ಗೆಯೂ ಆಗಿಲ್ಲ. ಬೆತ್ತದ ವಿಧಾನ ಎನ್ನುವವರದು ಒಂದು ಸಂಘ, ಬಿಸ್ಕತ್ತಿನ ವಿಧಾನ ಎನ್ನುವವರದು ಇನ್ನೊಂದು. ಎರಡಕ್ಕೂ ಕಟ್ಟಡಗಳಿವೆ, ಪದಾಧಿಕಾರಿಗಳಿದ್ದಾರೆ, ವರ್ಷಕ್ಕೊಮ್ಮೆ ಎದುರುಬದುರು ಮೆರವಣಿಗೆ ತೆಗೆದು ಕಲ್ಲು ತೂರುತ್ತಾರೆ. ಎರಡೂ ಸಂಘದ ಅಧ್ಯಕ್ಷರು ಹುಟ್ಟಿದಾರಭ್ಯ ಒಂದು ನಾಯಿಗೂ ಏನೂ ಕಲಿಸಿದವರಲ್ಲ. ಕಲಿಸಿದ್ದರೆ ವೇದಿಕೆಯ ಮೇಲೆ ಅಷ್ಟು ಹೊತ್ತು ನಿಂತು ಭಾಷಣ ಮಾಡಲು ಆಗುತ್ತಿತ್ತೇ? ನಾಯಿ ಯಾಕೆ ಕೂರಬೇಕು ಎಂದು ಮಾತ್ರ ಎರಡೂ ಸಂಘದಲ್ಲಿ ಯಾರೂ ಕೇಳಿದ್ದಿಲ್ಲ. ಒಂದು ಸಭೆಯಲ್ಲಿ ನಾನು ಕೇಳಿದೆ. ಎರಡೂ ಕಡೆಯವರು ಸೇರಿ ನನ್ನನ್ನು ಹೊರಗೆ ಹಾಕಿದರು. ನಮ್ಮೂರಿನ ಇತಿಹಾಸದಲ್ಲಿ ಆ ಎರಡು ಸಂಘ ಒಂದಾದದ್ದು ಅದೊಂದೇ ಸಲ.

ವಿಧಾನ ಆರಿಸುವುದು ಸಣ್ಣ ವಿಷಯವಲ್ಲ. ಹೇಗೆ ಕಲಿಸುತ್ತೀರೋ ಹಾಗೆಯೇ ಅಂಟುವುದು. ನಮ್ಮಪ್ಪ ಬೆತ್ತದವನು, ಕೂರುವ ಮುಂಚೆ ಅವನ ಭುಜ ಒಮ್ಮೆ ನಡುಗುತ್ತದೆ, ಯಾರೂ ಹೊಡೆಯದಿದ್ದರೂ. ಪಕ್ಕದ ಮನೆಯ ಟೈಲರ್ ಯಲ್ಲೋಜಿ ಬಿಸ್ಕತ್ತಿನವನು. ಕೂರು ಎಂದರೆ ಹೊಲಿಗೆ ಬಿಟ್ಟು ನೆಲಕ್ಕೆ ಕೂತು ಅಂಗೈ ಚಾಚುತ್ತಾನೆ. ಕೈಗೆ ಏನಾದರೂ ಬೀಳುವವರೆಗೆ ಬಾಯಲ್ಲಿ ನೀರೂರುತ್ತಲೇ ಇರುತ್ತದೆ. ಗಿರಾಕಿಗಳು ತಮಾಷೆಗೆ ಗುಂಡಿ, ಚಾಕ್‌ಪೀಸು ಇಟ್ಟು ನಗುತ್ತಾರೆ. ಯಲ್ಲೋಜಿಗೆ ಅದರಲ್ಲೂ ಹೆಮ್ಮೆ.

‘ನಿಮ್ಮಪ್ಪನ ಹಂಗೆ ನಡುಗಾದಲ್ಲ ಕಣೋ ನಾನು,’ ಎಂದ ನನಗೆ. ‘ಗೌರವವಾಗಿ ಕೂತ್ಕತೀನಿ, ಗೌರವವಾಗಿ ಇಸ್ಕತೀನಿ.’

‘ಗುಂಡಿ ತಿಂತೀಯಲ್ಲೋ ಯಲ್ಲೋಜಣ್ಣ!’

‘ತಿನ್ನಲ್ಲ. ಬಾಯಲ್ಲಿ ಇಟ್ಕತೀನಿ.’

ಈಚೆಗೆ ಮೂರನೆಯದೊಂದು ಬಂದಿತ್ತು, ಪ್ರೀತಿಯ ವಿಧಾನ. ಅದನ್ನು ಪ್ರಚಾರ ಮಾಡಲು ಪುರಸಭೆ ವಾರಿಜಾ ಮೇಡಂ ಎಂಬವರನ್ನು ನೇಮಿಸಿತ್ತು. ನಾನು ಅವರ ಬಳಿಗೂ ಹೋದೆ. ನಾಯಿ ಉಳಿಯಬೇಕಿತ್ತಲ್ಲ. ಮೇಡಂ ತುಂಬ ಮೃದುವಾಗಿ, ‘ಪಾಲಾಕ್ಷ ಅವರೇ, ಮೊದಲು ನಿಮ್ಮ ಸಿಟ್ಟನ್ನು ಕಿಟಕಿಯ ಹೊರಗೆ ಇಟ್ಟು ಬನ್ನಿ’ ಎಂದರು. ಎದುರಿಗೆ ಅವರ ವಿಧಾನದಲ್ಲಿ ನಾಯಿಗೆ ಕಲಿಸಿ ಮುಗಿಸಿದ ವಿದ್ಯಾರ್ಥಿಗಳು ಹತ್ತು ಜನ ಇದ್ದರು. ಮೇಡಂ ‘ಕೂರು ಚಿನ್ನಾ’ ಎಂದದ್ದೇ ಹತ್ತೂ ಜನ ಹೂವು ಬಿದ್ದಂತೆ ಕೂತು ‘ಥ್ಯಾಂಕ್ಯೂ ಮೇಡಂ’ ಎಂದರು. ನಡುಗಲಿಲ್ಲ, ಕೈ ಚಾಚಲಿಲ್ಲ, ನಗುತ್ತಿದ್ದರು. ಬೆತ್ತದವರಿಗೆ ತಾವು ಕೂತದ್ದಾದರೂ ಗೊತ್ತಾಗುತ್ತದೆ.

‘ನೋಡಿದಿರಾ? ಯಾರಿಗೂ ನೋವಿಲ್ಲ,’ ಎಂದರು ಮೇಡಂ.

‘ನೀವು ಯಾವ ನಾಯಿಗೆ ಕಲಿಸಿದ್ದೀರಿ ಮೇಡಂ?’

‘ನಾನು ವಿಧಾನ ಕಲಿಸೋದು ಅಷ್ಟೇ,’ ಎಂದು ನಕ್ಕರು.

ಮನೆಗೆ ಬಂದರೆ ಅಪ್ಪ ಮೆಂತ್ಯಳ ಎದುರಿಗೆ ನಿಂತು ಹಳೆಯ ಬೆತ್ತವನ್ನು ಎಣ್ಣೆ ಹಚ್ಚಿ ಒರೆಸುತ್ತಿದ್ದ. ‘ನಾನೇ ಕಲಿಸ್ತೀನಿ ಬಿಡ್ಲಾ. ನಲವತ್ತೊಂದು ಆಗ್ಯಾವೆ, ಇನ್ನೊಂದು ಹೆಚ್ಚಾಗ್ತದಾ? ನಂಗೆ ಹೊಸದಾಗಿ ಅಂಟೋದು ಏನೈತೆ?’

‘ಅದನ್ನ ಕೆಳಗಿಡು.’

‘ಗಾಡಿ ಬತ್ತದೆ ಕಣ್ಲಾ.’

‘ಬರಲಿ. ನನ್ನ ನಾಯಿ ಬೆತ್ತ ನೋಡಬಾರದು.’

ಅಪ್ಪ ಬೆತ್ತ ಕೆಳಗಿಟ್ಟ. ಇಡುವಾಗ ಅವನ ಭುಜ ನಡುಗಿದ್ದು ನನಗೆ ಕಾಣಿಸಿತು. ನನ್ನ ಮಾತಿಗೇ ನಡುಗಿದ್ದ. ನನ್ನ ಸಿಟ್ಟು ಎಲ್ಲೆಲ್ಲಿಗೋ ಹೋಗಿ ತಗಲಬೇಕಾದದ್ದು ದಿನಾ ಬಂದು ತಗಲುತ್ತಿದ್ದದ್ದು ಈ ಮುದುಕನಿಗೆ. ಅದು ಗೊತ್ತಾಗಿ ಇನ್ನಷ್ಟು ಸಿಟ್ಟು ಬಂತು.

ಮಾರನೇ ದಿನ ಗಿರಣಿಯಲ್ಲಿ ಒಂದು ಸಂಗತಿ ಗಮನಿಸಿದೆ. ಊಟಕ್ಕೆಂದು ನಾನು ನೆಲದ ಮೇಲೆ ಕೂತಾಗ ಮೆಂತ್ಯಳೂ ಪಕ್ಕದಲ್ಲಿ ಕೂತಳು. ಎದ್ದಾಗ ಎದ್ದಳು. ನಾನು ಏನೂ ಹೇಳಿರಲಿಲ್ಲ. ಮತ್ತೆ ಕೂತೆ, ಅವಳೂ ಕೂತಳು. ಅಂಟುವುದು ಮಾತು ತಾನೇ? ಮಾತೇ ಇಲ್ಲದಿದ್ದರೆ? ಊರಿಗೆ ಊರೇ ಬೆತ್ತವೋ ಬಿಸ್ಕತ್ತೋ ಎಂದು ತಲೆ ಒಡೆದುಕೊಳ್ಳುವಾಗ, ಬಾಯಿ ಮುಚ್ಚಿಕೊಂಡು ನಾಯಿಯ ಪಕ್ಕದಲ್ಲಿ ಕೂರುವುದು ಒಬ್ಬನಿಗೂ ಹೊಳೆದಿರಲಿಲ್ಲ.

ಒಂದು ತಿಂಗಳು ನಾನು ಕೂತೆ, ಎದ್ದೆ. ಕೂತೆ, ಎದ್ದೆ. ದಿನಕ್ಕೆ ನೂರು ಸಲ. ತೊಡೆ ಊದಿಕೊಂಡಿತು. ಗಿರಣಿಗೆ ಬಂದ ಹೆಂಗಸರು ‘ಈ ಹುಡುಗನಿಗೆ ಯಾವ ದೇವರ ಹರಕೆಯೋ’ ಎಂದುಕೊಂಡರು. ಯಾರೋ ಬೈದಂತೆ ಯಲ್ಲೋಜಿಯಿಂದ ಅಭಿನಯ ಮಾಡಿಸಿ, ನಾನು ತುಟಿ ಬಿಗಿಹಿಡಿದು ಸುಮ್ಮನಿರುವುದನ್ನೂ ಅಭ್ಯಾಸ ಮಾಡಿದೆ. ನಾನು ಸುಮ್ಮನಿದ್ದರೆ ಅವಳೂ ಸುಮ್ಮನಿರುತ್ತಿದ್ದಳು. ನನ್ನ ಗಂಟಲಲ್ಲಿ ಸ್ವಲ್ಪ ಗುರ್ರೆಂದರೂ ಊರು ಕಿತ್ತುಹೋಗುವಂತೆ ಬೊಗಳುತ್ತಿದ್ದಳು. ಅಪ್ಪ ಮೂಲೆಯಿಂದ ನೋಡುತ್ತ ನಿಂತಿರುತ್ತಿದ್ದ. ಒಂದು ದಿನ ಹತ್ತಿರ ಬಂದು ನನ್ನ ಕಿವಿಯಲ್ಲಿ ಕೂಗಿ ಹೇಳಿದ: ‘ಬಲಗಾಲು ಮೊದ್ಲು ಮಡಚು. ಮಂಡಿಗೆ ಪೆಟ್ಟಾಗಲ್ಲ.’ ಕೂರುವುದರಲ್ಲಿ ಅವನಷ್ಟು ಅನುಭವ ಊರಿನಲ್ಲಿ ಇನ್ನಾರಿಗಿತ್ತು? ಹಾಗೇ ಮಾಡಿದೆ. ನೋವು ಕಡಿಮೆಯಾಯಿತು.

ಪರೀಕ್ಷೆಯ ದಿನ ಬೆಳಿಗ್ಗೆಯೇ ನಮ್ಮ ಓಣಿ ತುಂಬಿತು. ನಾಯಿ ತಪಾಸಣೆಯ ಅಧಿಕಾರಿ ರುದ್ರಮುನಿಯವರು ಜೀಪಿನಿಂದ ಇಳಿದರು. ಹಿಂದೆಯೇ ಗಾಡಿ ಬಂದು ನಿಂತಿತು, ಅದರ ಹಿಂಬಾಗಿಲು ತೆರೆದೇ ಇತ್ತು. ಅಪ್ಪ ಒಳಗೆ ಕಿವಿಗೆ ಹತ್ತಿ ತುರುಕಿಕೊಂಡು ಇರಬೇಕೆಂದು ಮಾತಾಗಿತ್ತು. ಆದರೆ ಮುದುಕನ ಮನಸ್ಸು ತಡೆಯಲಿಲ್ಲ, ಹೊರಗೆ ಬಂದು ನನ್ನ ಪಕ್ಕ ನಿಂತ. ಕಿವಿಯಲ್ಲಿ ಹತ್ತಿ ಇರಲಿಲ್ಲ.

‘ಇವನೇನಾ ಸಭೇಲಿ ಪ್ರಶ್ನೆ ಕೇಳಿದೋನು?’ ರುದ್ರಮುನಿ ಫಾರಂ ನೋಡುತ್ತ ಕೇಳಿದರು. ಆಮೇಲೆ ಮೆಂತ್ಯಳ ಕಡೆ ಬೆರಳು ತೋರಿಸಿ, ‘ಕೂರು!’ ಎಂದರು.

ಅಪ್ಪನ ಭುಜ ನಡುಗಿತು, ಅಪ್ಪ ಕೂತ. ಯಲ್ಲೋಜಿ ತನ್ನ ಜಗಲಿಯ ಕೆಳಗೆ ಕೂತು ಅಂಗೈ ಚಾಚಿದ. ಓಣಿಯಲ್ಲಿದ್ದ ಇನ್ನೂ ನಾಲ್ಕು ಜನ ಅಲ್ಲಲ್ಲೇ ಕೂತರು. ಮೆಂತ್ಯ ನನ್ನ ಮುಖ ನೋಡುತ್ತ ನಿಂತಿದ್ದಳು. ಅವಳಿಗೆ ಆ ಮಾತು ಗೊತ್ತಿಲ್ಲ. ಅವಳಿಗೆ ಗೊತ್ತಿದ್ದದ್ದು ನಾನು.

ಆಗ ನನಗೆ ಅರ್ಥವಾಯಿತು, ಒಂದು ತಿಂಗಳು ನಾನು ಏನನ್ನು ಕಲಿತಿದ್ದೆ ಎಂದು. ಅಧಿಕಾರಿ ಕೂರು ಎಂದ ಕೂಡಲೇ ಎಲ್ಲರೆದುರು ಕೂರುವುದನ್ನು. ಯಾವ ಮಾತೂ ನನಗೆ ಅಂಟಿರಲಿಲ್ಲ. ನನ್ನ ಕಾಲು ನನ್ನ ಮಾತನ್ನೇ ಕೇಳುತ್ತಿದ್ದವು. ನಿಂತೇ ಇರಬಹುದಿತ್ತು. ಗಾಡಿಯ ಬಾಗಿಲು ತೆರೆದಿತ್ತು, ಒಳಗೆ ಕಬ್ಬಿಣದ ಕೊಂಡಿಯೊಂದು ತೂಗುತ್ತಿತ್ತು.

ಬಲಗಾಲು ಮೊದಲು ಮಡಚಿ ಕೂತೆ. ಮೆಂತ್ಯ ಕೂತಳು.

ಓಣಿಯಲ್ಲಿ ಯಾರೋ ಕಿಸಕ್ಕೆಂದರು. ರುದ್ರಮುನಿ ಎಣಿಸತೊಡಗಿದರು. ಮೂವತ್ತಕ್ಕೆ ಬಂದಾಗ ಬೇಕೆಂದೇ ನಿಲ್ಲಿಸಿ ಮೂಗು ಸೀನಿ, ಕರವಸ್ತ್ರ ಮಡಚಿ ಜೇಬಿಗಿಟ್ಟು, ಮತ್ತೆ ಇಪ್ಪತ್ತರಿಂದ ಶುರುಮಾಡಿದರು. ನೂರಾಯಿತು. ಆಮೇಲೆ ಮೂರನೆಯ ವಿದ್ಯೆ. ಅವರು ನನ್ನ ಮುಂದೆ ಬಂದು ಬಾಗಿದರು. ಬಾಯಿಂದ ಏಲಕ್ಕಿಯ ವಾಸನೆ ಬರುತ್ತಿತ್ತು.

‘ಏನೋ ನಾಯಿಮೇಷ್ಟ್ರ ಮಗನೇ, ನಾಯಿ ಯಾಕೆ ಕೂರಬೇಕು ಅಂತ ಕೇಳಿದ್ಯಂತೆ? ಈಗ ನೀನ್ಯಾಕೆ ಕೂತಿದೀಯ? ನಿಮ್ಮಪ್ಪ ಬೆತ್ತ ಹಿಡಿದು ಕಲಿತ. ನಿನಗೆ ಬೆತ್ತವೂ ಬೇಕಾಗಲಿಲ್ಲ, ಒಂದು ತುಂಡು ಬಿಸ್ಕತ್ತೂ ಬೇಕಾಗಲಿಲ್ಲ. ಬಿಟ್ಟಿ ಕೂತ್ಯಲ್ಲೋ!’

ಓಣಿ ನಕ್ಕಿತು. ಏಳನೇ ಕ್ಲಾಸು ನಕ್ಕ ಹಾಗೆಯೇ. ನನ್ನ ಗಂಟಲಿನಲ್ಲಿ ಹತ್ತು ವರ್ಷದ ಸಿಟ್ಟೆಲ್ಲ ಬಂದು ನಿಂತಿತು. ಮೆಂತ್ಯಳ ಕಿವಿ ನನ್ನ ಗಂಟಲ ಕಡೆಗೇ ಇತ್ತು. ನುಂಗಿದೆ. ಅವಳು ಬೊಗಳಲಿಲ್ಲ.

‘ಪಾಸು,’ ಎಂದರು ರುದ್ರಮುನಿ, ಸ್ವಲ್ಪ ನಿರಾಸೆಯಿಂದ. ಫಾರಂ ತೆಗೆದು, ಖಾಲಿ ಜಾಗದ ಮೇಲೆ ಪೆನ್ನು ಇಟ್ಟರು. ‘ಯಾವ ವಿಧಾನ?’ ಅವರು ಧೂಳಿನಲ್ಲಿ ಸಾಲಾಗಿ ಕೂತ ಅಪ್ಪ, ನಾನು, ನಾಯಿ ಮೂವರನ್ನೂ ಒಮ್ಮೆ ನೋಡಿ, ‘ಪ್ರೀತಿ’ ಎಂದು ಬರೆದುಕೊಂಡರು. ಬೈದದ್ದಕ್ಕಿಂತ ಅದು ಹೆಚ್ಚು ಉರಿಯಿತು. ಬಿಲ್ಲೆಯನ್ನು ನನ್ನ ಮಡಿಲಿಗೆ ಎಸೆದು ಜೀಪು ಹತ್ತಿದರು. ಕೂತವರ ತಲೆ ಮುಟ್ಟುವುದು ಅವರ ಕೆಲಸದಲ್ಲಿ ಸೇರಿರಲಿಲ್ಲ.

ಗಾಡಿ ಹೋಯಿತು. ಕೂತ ನಾಲ್ವರನ್ನು ಅವರವರ ಮನೆಯವರು ತಲೆ ತಟ್ಟಿ ಬಿಡಿಸಿದರು, ಜನ ಚದುರಿದರು. ಯಲ್ಲೋಜಿಯ ಹೆಂಡತಿ ಬಂದು ಗಂಡನ ಅಂಗೈಯಲ್ಲಿ ಒಂದು ತುಂಡು ಬೆಲ್ಲ ಇಟ್ಟು ತಲೆ ತಟ್ಟಿ ಒಳಗೆ ಕರೆದೊಯ್ದಳು. ನಾವು ಮೂವರು ಉಳಿದೆವು. ನಾನು ಏಳಬಹುದಿತ್ತು, ನನ್ನನ್ನು ಯಾವುದೂ ಹಿಡಿದಿರಲಿಲ್ಲ. ಅಪ್ಪನಿಗೆ ಆಗುವುದಿಲ್ಲ. ಅವನು ನನ್ನ ಕಡೆ ನೋಡಿದ. ಈ ಸಲ ತಲೆ ಮುಟ್ಟು ಎಂದು ಕೇಳಲಿಲ್ಲ. ‘ತೊಡೆ ನೋಯ್ತದೇನ್ಲಾ?’ ಎಂದ.

ಕೂತ ಅಪ್ಪನ ಮುಖ ಮೊದಲ ಸಲ ನನ್ನ ಮುಖದ ಸಮಕ್ಕಿತ್ತು. ಹಾಗೆ ಕೂತ ಅವನನ್ನು ನಾನು ಯಾವಾಗಲೂ ಮೇಲಿನಿಂದಲೇ ನೋಡಿದ್ದೆ, ದಾಟಿ ಹೋಗುವವನ ಹಾಗೆ. ಕೈ ಎತ್ತಿ ಅವನ ತಲೆಯ ಮೇಲೆ ಇಟ್ಟೆ. ಕೂದಲಿನಲ್ಲಿ ಹಿಟ್ಟು ಇತ್ತು. ಬರಿದೇ ತಲೆ ಮುಟ್ಟುವುದಕ್ಕೆ ನನಗೆ ನಾಚಿಕೆ, ಅದು ನಾಯಿಗೆ ಮಾಡಿದಂತಾಗುತ್ತದೆ ಎನಿಸಿ, ‘ಎದ್ದೇಳು ಅಪ್ಪಾ,’ ಎಂದೆ. ‘ಎದ್ದೇಳು.’

ಅಪ್ಪ ಎದ್ದ. ಮೊದಲು ಒಂದು ಮಂಡಿ, ಆಮೇಲೆ ಇನ್ನೊಂದು. ನನ್ನ ಇನ್ನೊಂದು ಪಕ್ಕದಲ್ಲಿ ಮೆಂತ್ಯಳೂ ಎದ್ದು ನಿಂತಳು, ಬಾಲ ನೆಟ್ಟಗೆ ಮಾಡಿ.

ನಾನು ಇನ್ನೂ ಕೂತೇ ಇದ್ದೆ. ನಾನು ಕೂತಿರುವಾಗ ಅವಳು ಯಾವತ್ತೂ ಎದ್ದವಳಲ್ಲ. ಅಪ್ಪ ಅವಳನ್ನು ನೋಡಿದ, ನನ್ನನ್ನು ನೋಡಿದ. ನಲವತ್ತೊಂದು ನಾಯಿಗಳ ಮೇಷ್ಟ್ರಿಗೆ ಏನು ನಡೆಯಿತೆಂದು ನನಗಿಂತ ಮೊದಲೇ ಗೊತ್ತಾಗಿತ್ತು. ಪುರಸಭೆಯ ಫಾರಂನಲ್ಲಿ ಎದ್ದೇಳು ಎಂಬ ಮಾತೇ ಇಲ್ಲವಾದ್ದರಿಂದ ಅವನೂ ಯಾವ ನಾಯಿಗೂ ಅದನ್ನು ಕಲಿಸಿರಲಿಲ್ಲ. ಊರಿನಲ್ಲಿ ಯಾರೂ ಕಲಿಸಿರಲಿಲ್ಲ.

‘ಕಲಿಸಿಬಿಟ್ಯಲ್ಲೋ ಹುಚ್ಚು ಮುಂಡೇದೆ!’ ಎಂದು ಅಪ್ಪ ನಗತೊಡಗಿದ. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಕೆಮ್ಮಿ, ಗಂಟಲು ಸರಿಮಾಡಿಕೊಂಡು, ‘ನೋಡಾಣ ತಡಿ’ ಎಂದ. ಆಮೇಲೆ ಜನ್ಮದಲ್ಲಿ ನನಗೆ ಒಂದು ಅಪ್ಪಣೆಯನ್ನೂ ಕೊಡದವನು ಜೋರಾಗಿ ಕೂಗಿದ: ‘ಎದ್ದೇಳು!’

ನಾನು ಎದ್ದು ನಿಂತಿದ್ದೆ. ನಾನು ಏಳಲಿಲ್ಲ, ಕಾಲೇ ಎದ್ದವು.

ಈಗ ನನ್ನ ಪಾಡು ಹೀಗಿದೆ. ಬೆಳಿಗ್ಗೆ ಐದೂವರೆಯಿಂದ ಓಣಿಯ ತಾಯಂದಿರು ಮಕ್ಕಳನ್ನು ಎಬ್ಬಿಸಲು ಶುರುಮಾಡುತ್ತಾರೆ. ಒಂದೊಂದು ಮಗುವಿಗೂ ಮೂರು ನಾಲ್ಕು ಸಲ ಹೇಳಬೇಕು. ಮಕ್ಕಳು ಏಳುವುದಿಲ್ಲ, ಪ್ರತಿ ಸಲವೂ ನಾನು ಏಳುತ್ತೇನೆ, ಬೈಯುತ್ತ ಮಲಗುತ್ತೇನೆ, ಮತ್ತೆ ಏಳುತ್ತೇನೆ. ಮೆಂತ್ಯಳೂ ಏಳುತ್ತಾಳೆ. ಸಿಟ್ಟು ಮೊದಲಿಗಿಂತ ಹೆಚ್ಚಾಗಿದೆ. ವಾರಿಜಾ ಮೇಡಂ ಸುದ್ದಿ ಕೇಳಿ ಗಿರಣಿಗೆ ಬಂದು, ಯಂತ್ರ ನಿಲ್ಲಿಸಲು ಹೇಳಿ, ತುಂಬ ಮೃದುವಾಗಿ ‘ಕೂರು ಚಿನ್ನಾ’ ಎಂದು ನೋಡಿದರು. ನಾನು ನಿಂತೇ ಇದ್ದೆ, ನನ್ನ ನಾಯಿಯೂ ನಿಂತೇ ಇತ್ತು. ಮೂಲೆಯಲ್ಲಿ ಅಪ್ಪ ಕೂತ. ನಾನು ಹೋಗಿ ಅವನ ತಲೆ ಮುಟ್ಟಿದೆ, ಮೇಡಂ ನೋಡುತ್ತಿರುವಾಗಲೇ.